ಷರಾ

ಗಂಟೆಗೊಮ್ಮೆ ಅವನ ಬಾಯಿಗೆ ಟಾರ್ಚು ಹಿಡಿಯುವುದು ನನ್ನ ಕೆಲಸ.
ಗ್ದಾನ್ಸ್ಕ್, ನಾಲ್ಕನೆಯ ಮಹಡಿ, ಎರಡನೆಯ ರಾತ್ರಿ.
ಕಿಟಕಿಯಾಚೆ ಹಡಗುಕಟ್ಟೆಯ ಕ್ರೇನುಗಳು
ಹಿಮದಲ್ಲಿ ನಿಂತೇ ತೂಕಡಿಸುತ್ತಿವೆ.

ನಮೂನೆಯಲ್ಲಿ ಅವನು ಮೂವತ್ತೊಂದು.
ಹಾಸಿಗೆಯಲ್ಲಿ ಸೆವೆರಿನ್,
ಮೂವತ್ತೆಂಟು ವರ್ಷ ಹಡಗಿನ ಹೊಟ್ಟೆಯೊಳಗೆ ಮಲಗಿ
ತಗಡಿಗೆ ತಗಡು ಬೆಸೆದವನು.
ಅವನ ಅರ್ಧ ನಾಲಿಗೆ ಮೊನ್ನೆ ಫಾರ್ಮಲಿನ್ ಡಬ್ಬಿಗೆ ಹೋಯಿತು.
ಅದರ ಜಾಗಕ್ಕೆ ಎಡ ಮುಂಗೈಯ ಚರ್ಮ ಬಂದಿದೆ,
ತನ್ನದೇ ಧಮನಿ, ತನ್ನದೇ ಸಿರೆ ಸಮೇತ,
ಮನೆ ಬದಲಿಸುವವರು ಒಲೆಯನ್ನೂ ಹೊತ್ತು ಬಂದಂತೆ.

ಬಲಗೈ ಮುಟ್ಟಬೇಡಿ ಅಂದಿದ್ದ, ಅದು ಬೆಸುಗೆಯ ಕೈ.
ಎಡಗೈಯ ಗಾಯಕ್ಕೆ ತೊಡೆಯಿಂದ
ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಡ.
ತೊಡೆಗೆ ಮಾತ್ರ ಯಾರೂ ಏನೂ ಕೊಡಲಿಲ್ಲ.
ಸಾಲದ ಸರಪಳಿಯ ಕೊನೆಗೆ ಒಬ್ಬ ಬಡವ ಇದ್ದೇ ಇರುತ್ತಾನೆ,
ತಾನಾಗಿಯೇ ವಾಸಿಯಾಗಬೇಕಾದವನು.

ಬಣ್ಣ. ಬಿಸಿ. ಒತ್ತಿ ಬಿಟ್ಟರೆ ಕೆಂಪು ಮರಳಲು ಎಷ್ಟು ಸೆಕೆಂಡು.
ಡಾಪ್ಲರ್ ಕಡ್ಡಿ ತಾಗಿಸಿದರೆ ಸದ್ದು: ಷುಹ್, ಷುಹ್,
ಒದ್ದೆ ಮೆಟ್ಟಿಲ ಮೇಲೆ ಯಾರೋ ಪೊರಕೆ ಆಡಿಸಿದ ಹಾಗೆ.
ಡಾಕ್ಟರ್ ಕಾಲಿನಾ ಇದನ್ನೆಲ್ಲ ಲೆಕ್ಕ ಇಡುತ್ತಿದ್ದಾಳೆ:
ಗಂಟೆಗೊಮ್ಮೆ ನೋಡಿದರೆ ಎಷ್ಟು ಉಳಿಯುತ್ತವೆ,
ನಾಲ್ಕು ಗಂಟೆಗೊಮ್ಮೆ ನೋಡಿದರೆ ಎಷ್ಟು.
ಇಲಿಯ ತೊಡೆಯಲ್ಲಿ ದಾರದೆಳೆಯಂಥ ನಾಳ ಹೊಲಿದು ಹೊಲಿದು
ಕೈ ಪಳಗಿಸಿಕೊಂಡವಳು.
ಕಾಫಿ ಕುಡಿಯುವುದಿಲ್ಲ, ಬೆರಳು ನಡುಗುತ್ತವಂತೆ.
ಇಲಿಗಳಿಗೂ ನಂಬರೇ ಇತ್ತು.

ಹಚ್ಚೆಗೆ ಮಾತ್ರ ಅಂಕಣವಿಲ್ಲ.
ಇಪ್ಪತ್ತರ ಹರೆಯ, ನೌಕಾಪಡೆ, ಸೂಜಿಯನ್ನು ಮಸಿಗೆ ಅದ್ದಿ
ಗೆಳೆಯನೊಬ್ಬ ಚುಚ್ಚಿದ ಹೆಸರು: ವಾಂದಾ.
ಚರ್ಮವನ್ನು ಅಳತೆಗೆ ಕುಯ್ದಾಗ ಹೆಸರೂ ಕುಯ್ದುಹೋಯಿತು.
'ವಾಂ' ಬಾಯಿಗೆ ಬಂತು.
'ದಾ' ಮೊಣಕೈ ಕಡೆಗೆ, ಬ್ಯಾಂಡೇಜಿನ ಅಂಚಿನಲ್ಲಿ ಉಳಿಯಿತು.
ಹೆಸರು ನಾಲಿಗೆಯ ತುದಿಯಲ್ಲೇ ಇದೆ ಅನ್ನುತ್ತಾರಲ್ಲ,
ನಾನು ಟಾರ್ಚು ಹಾಕಿ ಓದಿದ್ದೇನೆ.

ಹೆಂಡತಿಯ ಹೆಸರು ಗ್ರಾಜಿನಾ.

ಮೂರು ಗಂಟೆ ಹತ್ತು ನಿಮಿಷಕ್ಕೆ 'ವಾಂ' ಕಾಣಲಿಲ್ಲ.
ಮಸಿಯ ನೀಲಿಯ ಸುತ್ತ ಇನ್ನೊಂದು ನೀಲಿ ಏರಿ
ಅಕ್ಷರ ಮುಳುಗಿತ್ತು.
ಸೂಜಿ ಚುಚ್ಚಿದೆ. ನೇರಳೆ ಹಣ್ಣಿನ ರಸದಂಥ ರಕ್ತ.
ಬರುವವರಿಗೆ ಬಾಗಿಲಿದೆ, ಹೋಗುವವರಿಗೆ ಇಲ್ಲ.
ಫೋನು ಎತ್ತಿದೆ.
ಕಾಲಿನಾ ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡೇ ಓಡಿ ಬಂದಳು.

ಆರೂವರೆಗೆ ಸಿರೆಯನ್ನು ಮತ್ತೆ ಬೆಸೆದಾಗಿತ್ತು,
ಎರಡು ಮಿಲಿಮೀಟರ್ ಬೆಸುಗೆ.
ಎಚ್ಚರವಿದ್ದಿದ್ದರೆ ಸೆವೆರಿನ್ ಕನ್ನಡಕ ಏರಿಸಿ ಪರೀಕ್ಷಿಸುತ್ತಿದ್ದ.
ಉಳಿದ ಊತಕ್ಕೆ ಫ್ರಿಜ್ಜಿನಿಂದ ಎರಡು ಜಿಗಣೆ ತಂದೆ,
ಗಂಟಲಿಗೆ ಜಾರದಂತೆ ಬಾಲಕ್ಕೆ ದಾರ ಕಟ್ಟಿ ಬಿಟ್ಟೆ.
ಅವಕ್ಕೆ ಅಧ್ಯಯನ ಗೊತ್ತಿಲ್ಲ, ಹಸಿವು ಗೊತ್ತು.

ನನ್ನ ಪಾಳಿ ಮುಗಿದಿತ್ತು. ಆದರೂ ಬರೆದೆ:
ಬಣ್ಣ ತಿಳಿಗುಲಾಬಿ. ಎರಡು ಸೆಕೆಂಡು.
ಷರಾ: 'ವಾಂ' ಮತ್ತೆ ಓದಲು ಬರುತ್ತಿದೆ.
ಕಂಪ್ಯೂಟರಿಗೆ ಏರಿಸುವಾಗ ಕಾಲಿನಾ ಅದನ್ನು ಬಿಟ್ಟಳು.
ಬಿಡಲೇಬೇಕು. ಆದರೆ ಆ ಹಾಳೆಯನ್ನು
ಮಡಿಸಿ ಜೇಬಿಗಿಟ್ಟುಕೊಂಡದ್ದನ್ನು ನಾನು ನೋಡಿದೆ.

ಒಂಬತ್ತನೆಯ ದಿನ ಗ್ರಾಜಿನಾ, "ಟಾರ್ಚು ಕೊಡಿ" ಅಂದಳು.
ತುಂಬ ಹೊತ್ತು ಬಗ್ಗಿ ನೋಡಿದಳು.
"ಮೂವತ್ತಾರು ವರ್ಷ ಈ ಹೆಂಗಸಿಗೆ ನಾನೇ ಸೋಪು ತಂದಿಟ್ಟೆ.
ಇನ್ನು ನನ್ನ ಬೀಟ್‌ರೂಟ್ ಸಾರು ಮೊದಲು ಅವಳಿಗೇ ತಾಗಬೇಕು.
ರುಚಿಯಾದರೂ ಗೊತ್ತಾಗುತ್ತದಾ ಅವಳಿಗೆ?"
ಇಲ್ಲ ಅಂದೆ. ಅದು ಕೈಯ ಚರ್ಮ.
ಬೇಕಾದರೆ ಕೂದಲು ಬೆಳೆದೀತು.
ಎಷ್ಟು ನಕ್ಕಳೆಂದರೆ ಪಕ್ಕದ ಹಾಸಿಗೆಯವನು ಎದ್ದು ಕೂತ.

ಆಮೇಲೆ ಬ್ಯಾಂಡೇಜಿನ ಅಂಚು ಸರಿಸಿ
'ದಾ' ಮೇಲೆ ಹೆಬ್ಬೆರಳಿಟ್ಟಳು.
ನಮ್ಮ ಪೋಲಿಷ್ ಮಾತಿನಲ್ಲಿ ಅದಕ್ಕೆ 'ಕೊಡುವನು' ಎಂದರ್ಥ.
ಏನನ್ನು, ಯಾರಿಗೆ, ಆ ಪದ ಹೇಳುವುದಿಲ್ಲ.

ಸೆವೆರಿನ್ ಕತ್ತಿನ ಕೊಳವೆಯನ್ನು ಬೆರಳಿಂದ ಮುಚ್ಚಿ
ಏನೋ ಅಂದ.
ರಕಾರ ಹೊರಳಲಿಲ್ಲ. ಜೊಲ್ಲು ಇಳಿಯಿತು.
"ಇಲ್ಲೇ ಇದ್ದೀನಲ್ಲ," ಅಂದಳು ಗ್ರಾಜಿನಾ,
ಒರೆಸುತ್ತ.